ಕುಡಿತದ ಚಟ ‘ವಂಶಪಾರಂಪರ್ಯ’ವೇ? ಫಲಕಕ್ಕೆ ಪದ ಬೇಕು, ತುರ್ತು

ಕಲಬುರಗಿಯಿಂದ:
ಎಲ್ಲರಿಗೂ ಶರಣು. ದವಾಖಾನೆಯ ಗೋಡೆಗೆ ಫಲಕ, ಸಂಜೆ ಪ್ರಿಂಟಿಗೆ ಕೊಡಬೇಕು. ಕುಡಿತದ ಚಟ ಹತ್ತುವ ಅಪಾಯದಲ್ಲಿ ಹುಟ್ಟಿನಿಂದ ಬರುವ ಪಾಲಿಗೆ ಏನನ್ನೋಣ? ಅವಳಿ ಮತ್ತು ದತ್ತು ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆ ಆ ಪಾಲು ಸುಮಾರು ಶೇ. 50 ಎನ್ನುತ್ತದೆ, ಗಂಡು-ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ಫರಕು ಅದಕ್ಕೆ ಕಂಡಿಲ್ಲ. ಕರಡಿನಲ್ಲಿ ‘ವಂಶಪಾರಂಪರ್ಯ ಕಾಯಿಲೆ’ ಅಂತಿತ್ತು. ಓದಿದ ಹೆಣ್ಣುಮಗಳೊಬ್ಬಳು, “ಹಂಗಾದ್ರ ನಮ್ಮಣ್ಣಗಷ್ಟೇ ಬರ್ತದ. ವಂಶ ಅವನದಲ್ಲೇನ್ರಿ?” ಅಂದಳು.

ಯಾದಗಿರಿಯಿಂದ:
‘ಬಳುವಳಿ’. ಅಚ್ಚಗನ್ನಡ. ಮುಗೀತು.

ಬೀದರಿನಿಂದ:
ಬಳುವಳಿ ಅಂದ್ರೆ ಮದುವೆಯಲ್ಲಿ ಮಗಳಿಗೆ ತವರಿನವರು ಕೊಟ್ಟು ಕಳಿಸೋದು. ಈಗ ಗಂಡುಮಗ ಪಾರಾದ! ಅತ್ತೆ ಓದಿದರೆ ಸೊಸೆಯ ತವರನ್ನೇ ಬೈದಾಳು.

ಯಾದಗಿರಿಯಿಂದ:
‘ಜಾನಪದ ಹಿರಿಯರ ಬಳುವಳಿ’ ಅಂತ ಬರೆದಾಗ ಯಾರ ಅತ್ತೆ ಬೈದಳು? ಅರ್ಥ ಹಿಗ್ಗುತ್ತದೆ ಸ್ವಾಮಿ.

ಕಲಬುರಗಿಯ ಇನ್ನೊಬ್ಬರು:
ಪದ ಆಮೇಲೆ. ಆ 50 ಅನ್ನು ಫಲಕದಿಂದ ತೆಗೆಯಿರಿ. ಕುಡುಕನ ಮಕ್ಕಳಲ್ಲಿ ಅರ್ಧ ಮಂದಿ ಕುಡುಕರಾಗುತ್ತಾರೆ ಅಂತ ಜನ ಓದುತ್ತಾರೆ. ಅದು ಒಬ್ಬರ ಹಣೆಬರಹ ಹೇಳುವ ಅಂಕಿಯಲ್ಲ. ಒಂದು ಸಮುದಾಯದಲ್ಲಿ ಜನರಿಂದ ಜನರಿಗೆ ಇರುವ ವ್ಯತ್ಯಾಸದಲ್ಲಿ ಜೀನುಗಳ ಪಾಲು. 1981ರ ಸ್ವೀಡನ್ನಿನ ದತ್ತು ಅಧ್ಯಯನ ಒಂದು ಬಗೆಯ ಚಟವನ್ನು ಅಪ್ಪನಿಂದ ಮಗನಿಗೆ ಎಂದು ಗುರುತಿಸಿತ್ತು, ಆ ಮಾತೇ ಇನ್ನೂ ಓಡಾಡುತ್ತಿದೆ. ಹೆಂಗಸರಲ್ಲಿ ಚಟ ಕಡಿಮೆ ಕಾಣುವುದಕ್ಕೆ ಊರಮಂದಿಯ ಕಣ್ಣೂ ಕಾರಣ. ಮೈಯಲ್ಲಿ ನೀರಿನಂಶ ಕಡಿಮೆ ಇರುವುದರಿಂದ ಗಂಡಸಿನಷ್ಟೇ ಕುಡಿದರೂ ಅವರ ರಕ್ತದಲ್ಲಿ ಮದ್ಯದ ಮಟ್ಟ ಹೆಚ್ಚು ಏರುತ್ತದೆ. ನಾಮಪದವೇ ಯಾಕೆ ಬೇಕು? ಹೀಗೆ ಬರೆಯಿರಿ: ‘ಅಪ್ಪ, ಅವ್ವ, ಒಡಹುಟ್ಟಿದವರಲ್ಲಿ ಕುಡಿತದ ಕಾಯಿಲೆ ಇದ್ದರೆ ಮಗನಿಗೂ ಮಗಳಿಗೂ ಅಪಾಯ ಹೆಚ್ಚು.’

ಯಾದಗಿರಿಯಿಂದ:
ಜೀನು, ರಕ್ತ, ಅಪಾಯ. ಒಂದಾದರೂ ಕನ್ನಡವೇ? ಜೀನಿಗೆ ‘ಪೀಳಿ’ ಇದೆ, ರಕ್ತಕ್ಕೆ ‘ನೆತ್ತರು’ ಇದೆ.

ಬೀದರಿನಿಂದ:
ಪೀಳಿ ಅಂದ್ರೆ ಇಲ್ಲಿ ಯಾರಿಗೂ ತಿಳಿಯಂಗಿಲ್ಲ. ‘ದವಾಖಾನೆ’ನೂ ಕಿತ್ತು ಹಾಕ್ತೀರೇನು? ಅದೂ ಹೊರಗಿಂದ ಬಂದದ್ದೇ. ‘ಆಲ್ಕೋಹಾಲ್’ ಅರಬ್ಬಿ ಮೂಲದ್ದು, ಇಂಗ್ಲಿಷರೂ ಸಾಲ ತಂದು ಕುಡಿದವರೇ.

ಯಾದಗಿರಿಯಿಂದ:
ಬಹಮನಿಗಳ ಸಾಲ ಇನ್ನೆಷ್ಟು ದಿನ ಹೊರಬೇಕು?

ಕಲಬುರಗಿಯಿಂದ:
ನೀವು ಜಗಳ ನಡೆಸಿರಿ. ‘ಮಗನಿಗೂ ಮಗಳಿಗೂ’ ಸಾಲನ್ನೇ ಕೊಟ್ಟೆ, ಅಂಕಿ ತೆಗೆದೆ. ‘ಕಾಯಿಲೆ’ ಬದಲು ‘ಜಡ್ಡು’ ಹಾಕಿದೆ, ನಮ್ಮ ಮಂದಿ ಅನ್ನೋದು ಹಂಗೇ.

ಯಾದಗಿರಿಯಿಂದ:
‘ಜಡ್ಡು’ ತದ್ಭವ. ‘ಜಾಡ್ಯ’ದಿಂದ ಬಂದದ್ದು.