ಬಿಬಿಎ ಮಕ್ಕಳಿಗೆ ಸಮಸ್ಯೆ ಬಿಡಿಸುವುದನ್ನು ಕಲಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು:
ನಮಸ್ಕಾರ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿಬಿಎಗೆ ಪಾಠ ಮಾಡುತ್ತೇನೆ. ವ್ಯಾಪಾರದ ಸಮಸ್ಯೆಗಳನ್ನು ಹೊಸದಾಗಿ ಯೋಚಿಸಿ ಬಿಡಿಸುವುದನ್ನು ಕಲಿಸುವ ಪೇಪರ್ ಈ ಸೆಮಿಸ್ಟರ್ ನನಗೆ ಬಂದಿದೆ. ಕ್ಲಾಸಿನಲ್ಲಿ 60 ಮಕ್ಕಳು. ಯಾವ ಸಮಸ್ಯೆ ಕೊಟ್ಟರೂ ಎರಡು ನಿಮಿಷಕ್ಕೆ ‘ಆ್ಯಪ್ ಮಾಡೋಣ ಮೇಡಂ’ ಎನ್ನುತ್ತಾರೆ. ಅದೂ ನಾಲ್ಕೇ ಜನ. ಉಳಿದವರು ಸುಮ್ನೆ ಕೂತಿರುತ್ತಾರೆ. ನೀವು ಹೇಗೆ ಕಲಿಸಿದಿರಿ?

12 ವರ್ಷದಿಂದ ಕಾಮರ್ಸ್ ಪಾಠ ಮಾಡುತ್ತಿರುವವರು:
ಮೇಡಂ, ಮೊದಲು ಸಮಸ್ಯೆ ಕೊಡುವುದನ್ನು ನಿಲ್ಲಿಸಿ. ನಾವೇ ಸಮಸ್ಯೆ ಬರೆದು ಕೊಟ್ಟರೆ ಅರ್ಧ ಕೆಲಸ ನಾವೇ ಮಾಡಿಬಿಟ್ಟ ಹಾಗೆ. ಅದನ್ನು ಹುಡುಕುವುದೇ ಕಷ್ಟದ ಕೆಲಸ, ಕಲಿಸಬೇಕಾದದ್ದೂ ಅದನ್ನೇ.

ಒಂದು ಸಲ ನನ್ನ ಇಬ್ಬರು ವಿದ್ಯಾರ್ಥಿಗಳು ಗಾಂಧಿ ಬಜಾರಿನ ಹೂವಿನ ಆಂಟಿಯೊಬ್ಬರನ್ನು ಆರಿಸಿಕೊಂಡರು. ಹೋಗುವ ಮೊದಲೇ ಉತ್ತರ ರೆಡಿ ಇತ್ತು: ಸಂಜೆ ಉಳಿದ ಹೂವು ಮಾರಲು ಆ್ಯಪ್. ನಾನು ಒಂದೇ ಷರತ್ತು ಹಾಕಿದೆ. ಮೂರು ದಿನ ಆಂಟಿ ಪಕ್ಕದಲ್ಲಿ ಕೂತು ನೋಡಬೇಕು, ಸಲಹೆ ಕೊಡುವಂತಿಲ್ಲ, ಕಂಡದ್ದನ್ನು ಮಾತ್ರ ಬರೆಯಬೇಕು.

ಮೊದಲ ದಿನದ ನೋಟ್‌ಬುಕ್ಕಿನಲ್ಲಿ ಏನೂ ಇರಲಿಲ್ಲ. ಮಲ್ಲಿಗೆ, ಕನಕಾಂಬರ, ಒದ್ದೆ ಬಟ್ಟೆ, ಮೊಳದ ರೇಟು, ಅಷ್ಟೇ. ಎರಡನೇ ದಿನ ಒಬ್ಬ ಹುಡುಗಿ ಒಂದು ಸಾಲು ಬರೆದಿದ್ದಳು: ‘ದುಡ್ಡು ಬಂತಾ ಅಂತ ಆಂಟಿ ಗಿರಾಕಿ ಫೋನನ್ನೇ ಬಗ್ಗಿ ನೋಡ್ತಾರೆ.’ ಯಾಕೆ ಅಂತ ಕೇಳಿಕೊಂಡು ಬಾ ಎಂದೆ. ಸ್ಕ್ಯಾನ್ ಮಾಡುವ ಕೋಡ್ ಆಂಟಿಯ ಮಗನ ಹೆಸರಿನಲ್ಲಿತ್ತು. ಗಿರಾಕಿಗಳ ದುಡ್ಡೆಲ್ಲ ಅವನ ಖಾತೆಗೆ ಹೋಗುತ್ತಿತ್ತು. ಅವನು ಬೇರೆ ಊರಿನಲ್ಲಿ ಕೆಲಸಕ್ಕಿದ್ದ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಎತ್ತಲು ಮಾತ್ರ ಆಂಟಿಗೆ ಕೈಯಲ್ಲಿ ನಗದು ಬೇಕು. ಹಾಗಾಗಿ ಇದ್ದಷ್ಟು ದುಡ್ಡಿಗೆ ಹೂವು ತರುತ್ತಿದ್ದರು. ಹೂವು ಉಳಿಯುತ್ತಾ ಅಂತ ಮಕ್ಕಳು ಕೇಳಿದಾಗ ಅವರು ಹೇಳಿದ್ದು: ‘ಉಳಿಯೋದೆಲ್ಲಿ ಬಂತವ್ವಾ, ಸಂಜೆಗೆ ಸಾಲೋದೇ ಇಲ್ಲ.’

ಆ್ಯಪ್ ಮಾಡಿದ್ದರೆ ಇಲ್ಲದ ಸಮಸ್ಯೆಗೆ ಮಾಡಿದ ಹಾಗೆ ಆಗುತ್ತಿತ್ತು, ಅಲ್ವಾ? ಕೊನೆಗೆ ಆ ಹುಡುಗಿ ಆಂಟಿ ಜೊತೆ ಬ್ಯಾಂಕಿಗೆ ಹೋಗಿ ಅವರ ಹೆಸರಿನಲ್ಲೇ ಖಾತೆ, ಕೋಡ್ ಮಾಡಿಸಿಕೊಟ್ಟಳು. ದುಡ್ಡು ಬಂದರೆ ಕೂಗಿ ಹೇಳುವ ಪುಟ್ಟ ಡಬ್ಬಿಯೂ ಬಂತು. ಸೆಮಿನಾರಿನಲ್ಲಿ ಅವರ ಹತ್ತಿರ ಚಂದದ ಸ್ಲೈಡ್ ಇರಲಿಲ್ಲ. ನಾನು ಕೊಟ್ಟ ಅತಿ ಜಾಸ್ತಿ ಅಂಕ ಅವರಿಗೇ.

ಸ್ವಂತ ಅಂಗಡಿ ಇರುವವರು, ವಾರಕ್ಕೊಂದು ಗೆಸ್ಟ್ ಲೆಕ್ಚರ್ ಮಾಡುವವರು:
ಹೊರಗೆ ಕಳಿಸುವುದು ಸರಿ. ಆದರೆ ವ್ಯಾಪಾರಿಗಳ ಕಡೆಯಿಂದ ಒಂದು ಮಾತು. ಒಬ್ಬರ ಹತ್ತಿರ ಇಬ್ಬರಿಗಿಂತ ಜಾಸ್ತಿ ಹೋಗಬಾರದು. ಬೋಣಿ ಆಗುವ ಮುಂಚೆಯಂತೂ ಬೇಡವೇ ಬೇಡ. ಏನಾದರೂ ಕೊಂಡು ಮಾತು ಶುರು ಮಾಡಲಿ.

ಉದಾಹರಣೆಗೆ ಅಮೆರಿಕದ ಕಂಪನಿಗಳೇ ಯಾಕೆ? ಮಕ್ಕಳು ದಿನಾ ತಿಂಡಿ ತಿನ್ನುವ ದರ್ಶಿನಿಯನ್ನೇ ತೋರಿಸಿ. 1980ರ ದಶಕದಿಂದ ಊರೆಲ್ಲ ಹಬ್ಬಿದ ಲೆಕ್ಕಾಚಾರ ಅದು. ಬಾಡಿಗೆ ಜಾಸ್ತಿ, ಜಾಗ ಚಿಕ್ಕದು. ಕುರ್ಚಿ ತೆಗೆದರು, ಸಪ್ಲೈಯರ್ ಇಲ್ಲ, ಮೊದಲು ಟೋಕನ್, ನಿಂತು ತಿನ್ನುವುದು. ಹತ್ತು ನಿಮಿಷಕ್ಕೆ ಜಾಗ ಖಾಲಿ. ಅದಕ್ಕೇ ಕಡಿಮೆ ರೇಟಿಗೆ ಕೊಡಲು ಆಗುತ್ತದೆ. ರವೆ ಇಡ್ಲಿಯ ಕಥೆಯೂ ಹಾಗೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ನಾನು ಕ್ಲಾಸಿನಲ್ಲಿ ಕೇಳುವುದು ಇಷ್ಟೇ: ‘ನಾಳೆಯಿಂದ ನಿಮ್ಮ ಹೋಟೆಲಿಗೆ ಗ್ಯಾಸ್ ಬರಲ್ಲ. ಮೆನು ಬರೆಯಿರಿ.’ ಹೀಗೆ ಒಂದು ಕಟ್ಟು ಹಾಕಿದರೆ ಆ್ಯಪ್ ಮಾತು ಬರುವುದೇ ಇಲ್ಲ.

ಸರ್ಕಾರಿ ಕಾಲೇಜಿನ ಉಪನ್ಯಾಸಕಿ:
ಸುಮ್ಮನೆ ಕೂತಿರುವ ಮಕ್ಕಳ ಬಗ್ಗೆ ಹೇಳುತ್ತೇನೆ. ಅದೇ ನನಗೆ ಜಾಸ್ತಿ ನೋವು ಕೊಟ್ಟ ವಿಷಯ.

ಎಲ್ಲರನ್ನೂ ಗುಂಪಾಗಿ ಕೂರಿಸಿ ಐಡಿಯಾ ಹೇಳಿ ಅನ್ನುತ್ತೇವಲ್ಲ, ಆ ಬ್ರೈನ್‌ಸ್ಟಾರ್ಮಿಂಗ್ ಅನ್ನು ಜನಪ್ರಿಯ ಮಾಡಿದವರು ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್. ಆದರೆ ಯೇಲ್ ವಿಶ್ವವಿದ್ಯಾಲಯದವರು ಅದನ್ನು ಪರೀಕ್ಷೆ ಮಾಡಿ 1958ರಲ್ಲಿ ಪ್ರಕಟಿಸಿದರು. ಒಟ್ಟಿಗೆ ಕೂತ ನಾಲ್ವರಿಗಿಂತ, ಬೇರೆ ಬೇರೆ ಕೂತು ಯೋಚಿಸಿದ ನಾಲ್ವರ ಪಟ್ಟಿ ಸೇರಿಸಿದಾಗ ಐಡಿಯಾ ಜಾಸ್ತಿ ಬಂದವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುತ್ತಾ ತಮ್ಮದನ್ನು ಮರೆಯುತ್ತಾರೆ, ಯಾರಾದರೂ ನಕ್ಕಾರು ಅನ್ನುವ ಅಂಜಿಕೆ ಬೇರೆ. ಹಾಗಾಗಿ ನಾನು ಮೊದಲ ಹತ್ತು ನಿಮಿಷ ಮಾತು ನಿಲ್ಲಿಸಿದೆ. ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕು, ಹೆಸರು ಬೇಡ. ಆಮೇಲೆ ಚೀಟಿಗಳನ್ನು ಗೋಡೆಗೆ ಅಂಟಿಸಿ ಚರ್ಚೆ.

ಆದರೂ ಹಿಂದಿನ ಬೆಂಚಿನಿಂದ ಖಾಲಿ ಚೀಟಿಗಳೇ ಬರುತ್ತಿದ್ದವು. ಒಂದು ದಿನ ‘ಕನ್ನಡದಲ್ಲಿ ಬರೀಬಹುದು’ ಅಂದೆ. ಮಾಗಡಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗನೊಬ್ಬ ಮೂರು ಚೀಟಿ ತುಂಬಿಸಿದ. ಅವರ ಮನೆಯಲ್ಲಿ ಹಸು ಇವೆ. ಹಾಲಿನ ಡೇರಿಗೆ ತಡವಾದರೆ ಏನಾಗುತ್ತದೆ, ಕ್ಯಾನು ಯಾರು ತೊಳೆಯುತ್ತಾರೆ ಎಲ್ಲ ಅವನಿಗೆ ಗೊತ್ತು. ಎರಡು ವರ್ಷ ಅವನು ನನ್ನ ಕ್ಲಾಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವನಿಗೆ ಯೋಚನೆ ಬರುವುದಿಲ್ಲ ಅಂದುಕೊಂಡಿದ್ದೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ದಯವಿಟ್ಟು ಯೋಚನೆ ಮನೆಮಾತಿನಲ್ಲಿ ಆಗಲಿ. ಇಂಗ್ಲಿಷ್ ರಿಪೋರ್ಟ್ ಆಮೇಲೆ ಬರೆಸಬಹುದು.

ಕೇಳಿದವರು:
ಓದುತ್ತಾ ಓದುತ್ತಾ ನನ್ನ ಕ್ಲಾಸಿನ ಹಿಂದಿನ ಬೆಂಚು ಕಣ್ಣ ಮುಂದೆ ಬಂತು. ಒಂದೇ ಅನುಮಾನ: ಇಂಟರ್ನಲ್ ಅಂಕ ಯಾವುದಕ್ಕೆ ಕೊಡುವುದು?

ಕಾಮರ್ಸ್ ಪಾಠ ಮಾಡುವವರು:
ಅರ್ಧ ಅಂಕ ನೋಟ್‌ಬುಕ್ಕಿಗೆ. ಮೊದಲು ಏನಂದುಕೊಂಡಿದ್ದರು, ನೋಡಿದ ಮೇಲೆ ಏನು ಬದಲಾಯಿತು, ಅದು ಕಾಣಬೇಕು. ಹೊಡೆದು ಹಾಕಿದ ಸಾಲುಗಳೂ ಇರಲಿ, ನೀಟಾಗಿ ಪ್ರತಿ ಮಾಡಿ ತರುವುದು ಬೇಡ. ಉಳಿದ ಅಂಕ, ತಮ್ಮ ಉಪಾಯವನ್ನು ಆ ವ್ಯಾಪಾರಿಗೇ ಹೇಳಿ, ಅವರು ಏನಂದರು ಅಂತ ಬರೆದು ತಂದವರಿಗೆ. ‘ಇದು ನಡೆಯಲ್ಲಪ್ಪಾ’ ಅಂದಿದ್ದರೂ ಅಂಕ ಕೊಡಿ. ಯಾಕೆ ನಡೆಯಲ್ಲ ಅನ್ನುವುದನ್ನು ಕೇಳಿಕೊಂಡು ಬಂದಿರಬೇಕು, ಅಷ್ಟೇ.