ಹಳೇ ಪಿಕಪ್‌ಗೆ ಗುಜರಿ ಸ್ಟೀರಿಂಗ್ ಕಾಲಂ ಹಾಕಿದೆ: ಒಂದು ಸುತ್ತಿನಲ್ಲಿ ಎರಡು ಕಡೆ ಬಿಗಿ, ಗುಂಡಿಗೆ ಇಳಿದರೆ ಟಕ್

ನಾಪೋಕ್ಲು_ಪಿಕಪ್:
2004ರ ಗಾಡಿ. ಪವರ್ ಸ್ಟೀರಿಂಗ್ ಇಲ್ಲ, ಏರ್‌ಬ್ಯಾಗೂ ಇಲ್ಲ. ಹಳೇ ಕಾಲಂನ (ವೀಲಿನಿಂದ ಕೆಳಗೆ ಹೋಗುವ ಕೊಳವೆ, ಒಳಗೆ ಶಾಫ್ಟ್) ಮೇಲಿನ ಬುಶ್ ಸವೆದು ವೀಲು ಮೇಲೆ ಕೆಳಗೆ ಅಲ್ಲಾಡುತ್ತಿತ್ತು. ಮೈಸೂರಿನ ಗುಜರಿಯಲ್ಲಿ ಅದೇ ಮಾಡೆಲ್‌ನ ಕಾಲಂ ಸಿಕ್ಕಿತು, ಕೆಳಗಿನ ಶಾಫ್ಟ್ ಮತ್ತು ಎರಡು ಕ್ರಾಸ್ (ಓರೆಯಲ್ಲೂ ತಿರುಗುವ ಯೂನಿವರ್ಸಲ್ ಜಾಯಿಂಟ್) ಸಮೇತ. ನಿನ್ನೆ ಕೂರಿಸಿದೆ. ಈಗ ಮೂರು ತೊಂದರೆ:
ವೀಲು ಒಂದು ಸುತ್ತು ತಿರುಗಿಸಿದರೆ ಎರಡು ಜಾಗದಲ್ಲಿ ಬಿಗಿ, ನಡುವೆ ಸಲೀಸು.
ಗಾಡಿ ನೇರ ಹೋಗುವಾಗ ವೀಲು ಬಲಕ್ಕೆ ವಾಲಿರುತ್ತೆ, ಎಡಗಡೆ ಇಂಡಿಕೇಟರ್ ತಾನಾಗಿ ಆಫ್ ಆಗಲ್ಲ.
ಗುಂಡಿಗೆ ಚಕ್ರ ಇಳಿದರೆ ಕಾಲ ಬಳಿ ಟಕ್ ಅನ್ನುತ್ತೆ.
ಮುಂದಿನ ವಾರ ಮಡಿಕೇರಿಯಲ್ಲಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟಿನ ತಪಾಸಣೆ). ಕಾಫಿ ಕೊಯ್ಲು ಬೇರೆ ಶುರು, 50 ಕೆಜಿಯ 20 ಮೂಟೆ ಹೇರಿಕೊಂಡು ತೋಟದ ಇಳಿಜಾರು ಇಳಿಯಬೇಕು. ಎಲ್ಲಿಂದ ನೋಡಲಿ?

ಹನ್ನೆರಡು_ಹದಿಮೂರು:
ಯಾವ ಕಂಪನಿ ಗಾಡಿ ಅಂತಲೇ ಬರೆದಿಲ್ಲ. ಇರಲಿ, ನಾನು ಹೇಳೋದು ಎರಡು ಕ್ರಾಸ್ ಇರುವ ಯಾವ ಕಾಲಂಗೂ ಹೊಂದುತ್ತೆ.

ಒಂದು ಸುತ್ತಿನಲ್ಲಿ ಎರಡು ಸಲ ಬಿಗಿ ಅಂದರೆ ಅದು ಕ್ರಾಸ್‌ನ ವಿಷಯ, ಸ್ಟೀರಿಂಗ್ ಬಾಕ್ಸ್‌ದಲ್ಲ (ಶಾಫ್ಟಿನ ಕೆಳತುದಿಯಲ್ಲಿರುವ ಗೇರ್ ಪೆಟ್ಟಿಗೆ). ಬಾಕ್ಸ್ ಬಿಗಿಯಾಗೋದು ನಟ್ಟನಡುವೆ, ಆ ಕೊನೆಯಿಂದ ಈ ಕೊನೆಗೆ ಒಂದೇ ಸಲ. ಕ್ರಾಸ್‌ನಲ್ಲಿ ಕಾರಣ ಮೂರು ಇರಬಹುದು.

ಮೊದಲನೇದು ತುಕ್ಕು. ನಮ್ಮ ಮಳೆಗೆ ಚಕ್ರದ ಪಕ್ಕ ಇರುವ ಕೆಳಗಿನ ಕ್ರಾಸ್ ಬೇಗ ಹಿಡಿದುಕೊಳ್ಳುತ್ತೆ. ಶಾಫ್ಟ್ ಬಿಚ್ಚಿ ಕೈಯಲ್ಲಿ ಹಿಡಿದು ಎರಡೂ ಜಾಯಿಂಟನ್ನು ನಾಲ್ಕೂ ದಿಕ್ಕಿಗೆ ಬಗ್ಗಿಸಿ ನೋಡಿ. ಎಲ್ಲಾದರೂ ತಡೆದರೆ ಕ್ರಾಸ್ ಹೋಗಿದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ನಾಲ್ಕು ದಿನ ಸಲೀಸಾಗುತ್ತೆ, ಆದರೆ ಒಳಗೆ ಉಳಿದಿದ್ದ ಗ್ರೀಸೂ ತೊಳೆದು ಹೋಗುತ್ತೆ. ಬದಲಾಯಿಸಲೇಬೇಕು.

ಎರಡನೇದು ಜೋಡಣೆ. ನಡುವಿನ ಶಾಫ್ಟಿನ ಎರಡು ತುದಿಯ ಕವೆಗಳು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿರಬೇಕು. ಓರೆ ಕೂತ ಕ್ರಾಸ್ ಒಂದೇ ವೇಗದಲ್ಲಿ ತಿರುಗಲ್ಲ, ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತೆ. ಎರಡನೇ ಕ್ರಾಸ್ ಅದನ್ನು ಸರಿದೂಗಿಸುತ್ತೆ. 90 ಡಿಗ್ರಿ ತಪ್ಪಿ ಕೂತರೆ ಸರಿದೂಗಿಸುವ ಬದಲು ಇಮ್ಮಡಿ ಮಾಡುತ್ತೆ. ನಡುವೆ ಜಾರುವ ಭಾಗ ಎರಡು ಕಡೆ ಚಪ್ಪಟೆ ಇರುವಂಥದ್ದಾದರೆ ಎರಡೇ ರೀತಿ ಕೂರೋದು, ಎರಡೂ ಸರಿ. ಹಲ್ಲಿನದ್ದಾದರೆ ಯಾವ ಹಲ್ಲಿಗೆ ಬೇಕಾದರೂ ಕೂರುತ್ತೆ, ತಪ್ಪಾಗೋದು ಅಲ್ಲೇ. ಕೆಲವು ಗಾಡಿಗೆ ಕಂಪನಿಯವರೇ ಬೇಕಂತ ಸ್ವಲ್ಪ ಓರೆ ಇಟ್ಟಿರುತ್ತಾರೆ, ಹಾಗಾಗಿ ಹಳೇ ಶಾಫ್ಟ್ ಪಕ್ಕದಲ್ಲಿಟ್ಟು ಹೋಲಿಸಿ.

ಮೂರನೇದು, ಡ್ಯಾಶ್ ಕೆಳಗಿನ ಬ್ರಾಕೆಟ್‌ನಲ್ಲಿದ್ದ ವಾಷರೋ ಸ್ಪೇಸರೋ ಬಿಟ್ಟುಹೋಗಿ ಕಾಲಂ ತಗ್ಗಿರಬಹುದು. ಆಗ ಎರಡು ಕ್ರಾಸಿನ ಕೋನ ಬೇರೆಬೇರೆ ಆಗುತ್ತೆ.

ವಾಲಿದ ವೀಲಿಗೆ: ವೀಲು ಕಿತ್ತು ಹಲ್ಲು ಬದಲಾಯಿಸಿ ಕೂರಿಸಬೇಡಿ, ಇಂಡಿಕೇಟರ್ ಸರಿಹೋಗದೆ ಉಳಿಯಬಹುದು. ಬ್ಯಾಟರಿ ನೆಗೆಟಿವ್ ತೆಗೆಯಿರಿ. ಮುಂಭಾಗ ಜಾಕ್ ಏರಿಸಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಒಂದು ಕೊನೆಯಿಂದ ಇನ್ನೊಂದಕ್ಕೆ ಎಷ್ಟು ಸುತ್ತು ಅಂತ ಎಣಿಸಿ, ಅರ್ಧಕ್ಕೆ ತನ್ನಿ. ನಾಲ್ಕೂವರೆ ಬಂದರೆ ಎರಡೂ ಕಾಲು. ಅಲ್ಲಿ ಚಕ್ರ ನೇರ ಇದೆಯಾ ನೋಡಿ. ನೇರ ಇದ್ದು ವೀಲು ಮಾತ್ರ ವಾಲಿದ್ದರೆ ಬಾಕ್ಸಿನ ಬಳಿ ಶಾಫ್ಟ್ ಹಲ್ಲು ತಪ್ಪಿ ಕೂತಿದೆ, ಅಲ್ಲಿ ಬಿಚ್ಚಿ ಸರಿಮಾಡಿ. ಚಕ್ರವೇ ನೇರ ಇಲ್ಲದಿದ್ದರೆ ಡ್ರಾಗ್ ಲಿಂಕ್ (ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳು) ಉದ್ದದಲ್ಲಿ ಸರಿಮಾಡಬೇಕು.

ಗೋಣಿಕೊಪ್ಪ_ವೆಲ್ಡಿಂಗ್:
ಟಕ್ ಸದ್ದಿಗೆ ಇಷ್ಟೆಲ್ಲ ಯಾಕೆ? ಕೆಳಗಿನ ಜಾಯಿಂಟಿಗೆ ಎರಡು ಚುಕ್ಕೆ ವೆಲ್ಡಿಂಗ್ ಇಟ್ಟರೆ ಮುಗೀತು. ಟ್ರ್ಯಾಕ್ಟರಿಗೆ ಎಲ್ಲರೂ ಮಾಡ್ತಾರೆ.

ಸಂಪಾಜೆ_ಘಾಟ್:
ಮಾರಾಯ್ರೆ, ಸ್ಟೀರಿಂಗಿಗೆ ಮಾತ್ರ ಆ ಕೆಲಸ ಬೇಡ. ಬಿಸಿಗೆ ಕ್ರಾಸಿನ ಸೀಲ್ ಸುಟ್ಟು ಗ್ರೀಸ್ ಹರಿದು ಹೋಗುತ್ತೆ. ಗಟ್ಟಿ ಮಾಡಿದ ಹಲ್ಲು ವೆಲ್ಡ್ ಪಕ್ಕದಲ್ಲೇ ಬಿರುಕು ಬಿಡುತ್ತೆ. ಮುರಿಯೋದು ತಿರುವಿನಲ್ಲಿ, ಜೋರು ಬೀಳೋದೇ ಅಲ್ಲಿ.

ನಾಪೋಕ್ಲು ಅಣ್ಣ, ಕೆಳಗಿನ ಬೋಲ್ಟ್ ಬಿಚ್ಚಿ ನೋಡಿ. ಬಾಕ್ಸ್ ಶಾಫ್ಟಿನಲ್ಲಿ ಒಂದು ತೋಡು ಕೊರೆದಿರುತ್ತೆ, ಬೋಲ್ಟ್ ಅದರೊಳಗೆ ಹಾದು ಹೋಗಬೇಕು. ಮೇಲಿನಿಂದ ಬರೀ ಹಿಡಿದಿದ್ದರೆ ಎಷ್ಟು ಬಿಗಿ ಮಾಡಿದರೂ ಒಂದು ದಿನ ಜಾರಿ ಹೊರಗೆ ಬರುತ್ತೆ. ಸರಿಯಾಗಿ ಕೂತರೆ ಬೋಲ್ಟ್ ಬೆರಳಿನಲ್ಲೇ ಒಳಗೆ ಹೋಗುತ್ತೆ, ಸುತ್ತಿಗೆ ಬೇಕಾಯಿತು ಅಂದರೆ ಏನೋ ತಪ್ಪಿದೆ. ತಲೆ ಮೇಲೆ 8.8 ಅಂತ ಗಟ್ಟಿತನದ ಗುರುತು ಇರುವ ಬೋಲ್ಟೇ ಆಗಬೇಕು, ನಟ್ ಹೊಸ ನೈಲಾಕ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್). ಎಂಟು ಎಂಎಂ ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್ ಸಾಕು, ಗಾಡಿಯ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಅಂತಿಮ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ. ಹೊಸದು ಹಳೇದು ಎರಡೂ ಕಾಲಂ ನೆಲದ ಮೇಲಿಟ್ಟು ಉದ್ದ ಅಳೆಯಿರಿ. ಅಪಘಾತದಲ್ಲಿ ಎದೆಗೆ ಚುಚ್ಚದಿರಲಿ ಅಂತ ಒಂದರೊಳಗೊಂದು ಕುಸಿಯುವ ಹಾಗೆ ಮಾಡಿರುವ ಕಾಲಂ ಇದ್ದರೆ, ಅದನ್ನು ಹಿಡಿದಿರೋದು ಸಾಮಾನ್ಯವಾಗಿ ಸಣ್ಣ ಪ್ಲಾಸ್ಟಿಕ್ ಪಿನ್‌ಗಳು. ಗುದ್ದಿದ ಗಾಡಿಯಿಂದ ಬಿಚ್ಚಿದ್ದಾದರೆ ಪಿನ್ ಆಗಲೇ ಮುರಿದಿರಬಹುದು. ವೀಲು ತೆಗೆಯಲು ಶಾಫ್ಟ್ ತಲೆಗೆ ಸುತ್ತಿಗೆ ಹೊಡೆದರೂ ಅಷ್ಟೇ. ಅದಕ್ಕೇ ಪುಲ್ಲರ್ (ವೀಲನ್ನು ಎಳೆದು ತೆಗೆಯುವ ಸಾಧನ) ಹಾಕಿ ಅನ್ನೋದು. ನಟ್ ಪೂರ್ತಿ ಬಿಚ್ಚದೆ ಎರಡು ಮೂರು ಎಳೆ ಬಿಟ್ಟಿರಿ, ಇಲ್ಲದಿದ್ದರೆ ವೀಲು ಕಿತ್ತು ಮುಖಕ್ಕೇ ಬರುತ್ತೆ.

ನಾಪೋಕ್ಲು_ಪಿಕಪ್:
ಬಿಚ್ಚಿ ನೋಡಿದೆ. ಕ್ರಾಸ್ ಎರಡೂ ಸಲೀಸು. ಕವೆಗಳು ಸಾಲಿನಲ್ಲಿಲ್ಲ, ಗುಜರಿಯವನು ಬಿಡಿಸಿ ಜೋಡಿಸಿದ್ದಾನೆ. ಆದರೆ ಕಾಲಂ ಹಳೇದಕ್ಕಿಂತ 18 ಎಂಎಂ ಗಿಡ್ಡ. ಕೆಳಗೆ ಬೋಲ್ಟ್ ತೋಡಿನಲ್ಲಿಲ್ಲ, ಅಂಚಿಗೆ ತಾಗಿಕೊಂಡಿತ್ತು. ಎಳೆದು ಉದ್ದ ಮಾಡಿ ಹಾಕಬಹುದಾ?

ಸಂಪಾಜೆ_ಘಾಟ್:
ಬೇಡ. ಪಿನ್ ಹೋದ ಮೇಲೆ ಎಳೆದಷ್ಟೇ ಸುಲಭವಾಗಿ ಮತ್ತೆ ಒಳಗೆ ಹೋಗುತ್ತೆ. ಟಕ್ ಸದ್ದಿಗೂ ಕಾರಣ ಅದೇ. ಗುಜರಿಗೇ ವಾಪಸ್ ಕೊಡಿ.

ಹನ್ನೆರಡು_ಹದಿಮೂರು:
ಹಳೇ ಕಾಲಂನಲ್ಲಿ ಹೋಗಿದ್ದು ಬರೀ ಮೇಲಿನ ಬುಶ್ ತಾನೇ? ಶಾಫ್ಟಿನಲ್ಲಿ ಬುಶ್ ಕೂರುವ ಜಾಗಕ್ಕೆ ಉಗುರು ಎಳೆದು ನೋಡಿ. ಗೀರು ತಡೆಯದಿದ್ದರೆ ಹೊಸ ಬುಶ್ ಹಾಕಿ ಅದನ್ನೇ ಕೂರಿಸಿ. ನಿಮ್ಮ ಇಗ್ನಿಷನ್ ಲಾಕ್, ಬೀಗದಕೈ ಎಲ್ಲ ಅದರಲ್ಲೇ ಇದೆ, ಲಾಕ್ ಹಿಡಿದಿರುವ, ಬಿಗಿ ಮಾಡುವಾಗಲೇ ತಲೆ ಮುರಿಯುವ ಬೋಲ್ಟನ್ನು ಕೊರೆದು ತೆಗೆಯುವ ಕೆಲಸವೂ ಉಳಿಯುತ್ತೆ.

ಕೂರಿಸುವಾಗ ಕೆಳಗಿನ ಜಾಯಿಂಟ್ ಮೊದಲು ಸೇರಿಸಿ. ಬ್ರಾಕೆಟ್ ಬೋಲ್ಟ್ ಎಲ್ಲ ಸಡಿಲವಾಗಿ ಹಾಕಿ, ವೀಲು ಎರಡೂ ಕೊನೆಗೆ ತಿರುಗಿಸಿ, ಕಾಲಂ ತನ್ನ ಜಾಗಕ್ಕೆ ಕೂತ ಮೇಲೆ ಬಿಗಿ ಮಾಡಿ. ಮೊದಲೇ ಬಿಗಿ ಮಾಡಿದರೆ ಬುಶ್ ಓರೆ ಕೂತು ಬೇಗ ಸವೆಯುತ್ತೆ.

ಸೋಮವಾರಪೇಟೆ_ಹಳದಿಬೋರ್ಡ್:
ಎಫ್‌ಸಿ ಬಗ್ಗೆ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ವೀಲಿನಲ್ಲಿ ಪ್ಲೇ (ಚಕ್ರ ತಿರುಗದೆ ವೀಲು ಮಾತ್ರ ಅಲ್ಲಾಡುವಷ್ಟು ಸಡಿಲ) 30 ಡಿಗ್ರಿ ದಾಟಬಾರದು. 38 ಸೆಂ.ಮೀ. ವೀಲಿಗೆ ಅಂಚಿನಲ್ಲಿ ಸುಮಾರು 10 ಸೆಂ.ಮೀ. ಆಯ್ತು. ಕಾನೂನು ಉದಾರವಾಗಿದೆ, ಅಷ್ಟು ಪ್ಲೇ ಇಟ್ಟುಕೊಂಡು ಘಾಟ್ ಇಳಿಯಕ್ಕಾಗಲ್ಲ. ಒಂದು ಇಂಚು ದಾಟಿದರೆ ಟೈ ರಾಡ್ ಎಂಡ್ (ಎರಡು ಮುಂದಿನ ಚಕ್ರ ಜೋಡಿಸುವ ಸರಳಿನ ತುದಿ), ಡ್ರಾಗ್ ಲಿಂಕ್ ನೋಡಿ. ಬಾಲ್ ಜಾಯಿಂಟಿಗೆ ರಬ್ಬರ್ ಕ್ಯಾಪ್ ಇರಬೇಕು, ಬೋಲ್ಟು ಪಿನ್ನು ಲಾಕ್ ಆಗಿರಬೇಕು ಅಂತಲೂ ಅದೇ ನಿಯಮದಲ್ಲಿದೆ. ಸ್ಪ್ಲಿಟ್ ಪಿನ್ ಬದಲು ತಂತಿ ಸುತ್ತಿದ್ದರೆ ಈಗಲೇ ತೆಗೆಯಿರಿ.

ಕಾಲಂ ಹೊರಗಿರುವಾಗಲೇ ಇಂಜಿನ್ ಕಡೆಯ ತಗಡಿನಲ್ಲಿ ಶಾಫ್ಟ್ ತೂರುವ ತೂತಿನ ರಬ್ಬರ್ ಬೂಟೂ ಬದಲಾಯಿಸಿ. ಈಗ ಬಿಟ್ಟರೆ ಜೂನ್‌ನಲ್ಲಿ ನೀರು ಕ್ಲಚ್ ಪೆಡಲ್ ಮೇಲೆ ತೊಟ್ಟಿಕ್ಕುತ್ತೆ, ಆಗ ಅಷ್ಟಕ್ಕೇ ಶಾಫ್ಟ್ ಮತ್ತೆ ಬಿಚ್ಚಬೇಕು.