ಲಾಫ್ಟ್ ಏರಿಸಿದ ಮೇಲೆ ಸ್ಲೈಸ್ ಇನ್ನೂ ಜಾಸ್ತಿಯಾಗಿದೆ, ಯಾರಾದರೂ ಹೇಳಿ ಪ್ಲೀಸ್

ಸ್ಲೈಸ್_ಸ್ವಾಮಿ:
ತಲೆ ಕೆಟ್ಟು ಕೂತಿದ್ದೇನೆ. ನನ್ನ ಗಾಲ್ಫ್ ಡ್ರೈವರ್ (ದೂರ ಹೊಡೆಯುವ ಕ್ಲಬ್) 9 ಡಿಗ್ರಿ, ಸ್ಲೀವ್ (ಶಾಫ್ಟ್, ಅಂದರೆ ಕೋಲು, ತಲೆಗೆ ಸೇರುವ ಕೊಳವೆ) ತಿರುಗಿಸಿ ಲಾಫ್ಟ್ (ಚೆಂಡಿಗೆ ತಗಲುವ ಮುಖದ, ಅಂದರೆ ಫೇಸ್‌ನ, ಓರೆ) ಬದಲಿಸುವಂಥದ್ದು. ಮೊದಲಿನಿಂದಲೂ ಚೆಂಡು ಸ್ವಲ್ಪ ಬಲಕ್ಕೆ ತಿರುಗುತ್ತಿತ್ತು, ಅದೇ ಸ್ಲೈಸ್. "ಲಾಫ್ಟ್ ಏರಿಸು, ಫೇಸ್ ಮುಚ್ಚಿಕೊಳ್ಳುತ್ತೆ, ಸ್ಲೈಸ್ ಇಳಿಯುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಒಂದು ಗುರುತು ಏರಿಸಿದೆ. ಈಗ ಚೆಂಡು ಪಕ್ಕದ ಫೇರ್‌ವೇಯಲ್ಲಿ (ಪಕ್ಕದ ಹೋಲ್‌ನ ಹುಲ್ಲಿನ ಹಾದಿಯಲ್ಲಿ) ಹೋಗಿ ಬೀಳುತ್ತಿದೆ. ಭಾನುವಾರ ಏಳನೇ ಹೋಲ್‌ನಲ್ಲಿ ಸಿಟ್ಟು ಬಂದು ವ್ರೆಂಚ್ ತೆಗೆದು ಇನ್ನೊಂದು ಗುರುತು ಏರಿಸಿದೆ. ಇನ್ನೂ ಕೆಟ್ಟಿತು. ಕ್ಯಾಡಿ ನಗುತ್ತಿದ್ದ. ಸರಿಯಾದ ಸೆಟ್ಟಿಂಗ್ ಯಾವುದು, ಅಷ್ಟು ಹೇಳಿ ಸಾಕು.

ಬೋಗಿ_ಭಟ್:
ಹೀಲ್ ಕಡೆಗೆ, ಅಂದರೆ ಶಾಫ್ಟ್ ಸೇರುವ ಬದಿಗೆ, ತೂಕ ಹಾಕಿ. ಮುಗೀತು.

ಎತ್ತರದ_ಟೀ:
ಯಾವ ಡ್ರೈವರ್? ಯಾವ ಶಾಫ್ಟ್? ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬರುತ್ತಾ, ಅಥವಾ ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಹೋಗುತ್ತಾ? ಇವೆರಡೂ ಒಂದೇ ಕಾಯಿಲೆ ಅಲ್ಲ.

ಸ್ಲೈಸ್_ಸ್ವಾಮಿ:
ಮೇಡಂ, ಬಲಕ್ಕೆ ಹೋಗುತ್ತೆ ಅಂದೆನಲ್ಲ. ಡ್ರೈವರ್ ಮಾಮೂಲಿ, ಎಲ್ಲರ ಹತ್ತಿರ ಇರುವಂಥದ್ದೇ. ಶಾಫ್ಟ್ ರೆಗ್ಯುಲರ್.
@ಭಟ್ರೇ, ನನ್ನದರಲ್ಲಿ ತೂಕ ಹಿಂದೆ ಒಂದೇ ಕಡೆ ಇದೆ. ಜರುಗಿಸಲು ಬರುವುದಿಲ್ಲ.

ಬೋಗಿ_ಭಟ್:
ಹಾಗಾದರೆ ಹೀಲ್ ಹತ್ತಿರ ಲೆಡ್ ಟೇಪ್ ಅಂಟಿಸಿ. ನೀವು ಹೀಲ್‌ನಲ್ಲಿ ಹೊಡೆಯುತ್ತಿದ್ದೀರಿ, ಬರೆದುಕೊಡುತ್ತೇನೆ. ಹೀಲ್‌ಗೆ ತಗುಲಿದರೆ ಗೇರ್ ಎಫೆಕ್ಟ್‌ನಿಂದ (ತಲೆ ತಿರುಚಿ ಚೆಂಡನ್ನು ಉಲ್ಟಾ ಸುತ್ತಿಸುವುದು) ಚೆಂಡಿಗೆ ಸ್ಲೈಸ್ ಸ್ಪಿನ್ ಬಂದೇ ಬರುತ್ತದೆ. ಚೆಂಡಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ದಪ್ಪ ಚುಕ್ಕೆ ಇಟ್ಟು ಹೊಡೆಯಿರಿ. ಫೇಸ್ ಮೇಲೆ ಗುರುತು ಎಲ್ಲಿ ಬೀಳುತ್ತದೆ ನೋಡಿ. ನೋಡದೆಯೇ ಹೇಳುತ್ತೇನೆ, ಹೀಲ್.

ಹದಿನೆಂಟನೇ_ಹೋಲ್:
ಒಂದು ನಿಮಿಷ. ಏಳನೇ ಹೋಲ್‌ನಲ್ಲಿ ವ್ರೆಂಚ್ ತೆಗೆದೆ ಅಂದಿರಾ? ಅದು ಸ್ಪರ್ಧೆಯ ರೌಂಡ್ ಆಗಿದ್ದರೆ ನೀವು ಅನರ್ಹರು. ನಿಯಮ 4.1ಎ(3). ರೌಂಡ್ ನಡುವೆ ಸೆಟ್ಟಿಂಗ್ ಬದಲಿಸಿದ ಕ್ಲಬ್‌ನಲ್ಲಿ ಒಂದು ಸ್ಟ್ರೋಕ್ ಹೊಡೆದರೂ ಅಷ್ಟೇ.

ಕಾಫಿ_ಕಣಿವೆ:
ಎರಡು ಸ್ಟ್ರೋಕ್ ಪೆನಾಲ್ಟಿ ಅಲ್ವಾ?

ಹದಿನೆಂಟನೇ_ಹೋಲ್:
ಅಲ್ಲ. ಡಿಸ್ಕ್ವಾಲಿಫಿಕೇಶನ್. ಬದಲಿಸಿ ಹೊಡೆಯದೆ ಮತ್ತೆ ಮೊದಲಿನ ಸೆಟ್ಟಿಂಗ್‌ಗೆ ತಂದರೆ ಪೆನಾಲ್ಟಿ ಇಲ್ಲ. ಬ್ಯಾಗ್‌ನಲ್ಲಿ ಸುಮ್ನೆ ಇಟ್ಟುಕೊಂಡರೂ ತೊಂದರೆ ಇಲ್ಲ. ಹೊಡೆದರೆ ಮನೆಗೆ.

ಸ್ಲೈಸ್_ಸ್ವಾಮಿ:
ಸಾರ್, ಅದು ಗೆಳೆಯರ ಆಟ. ಸೋತವನು ದೋಸೆ ಕೊಡಿಸುವುದು. ದಯವಿಟ್ಟು ಸ್ಲೈಸ್ ಬಗ್ಗೆ ಹೇಳಿ.

ಹಳೇ_ಪರ್ಸಿಮನ್:
ಇದಕ್ಕೇ ನಾನು ಹೇಳುವುದು. ನಮ್ಮ ಮರದ ಡ್ರೈವರ್‌ಗೆ ಸೆಟ್ಟಿಂಗ್ ಗಿಟ್ಟಿಂಗ್ ಏನೂ ಇರಲಿಲ್ಲ. ತಿರುಗಿಸುವುದಿದ್ದರೆ ಸೊಂಟ ತಿರುಗಿಸಬೇಕಿತ್ತು. ಈ ಹೊಂದಾಣಿಕೆಗಳನ್ನೆಲ್ಲ ನಿಯಮದಲ್ಲಿ ಒಪ್ಪಿದ್ದೇ 2008ರಲ್ಲಿ. ಅಲ್ಲಿಂದ ಎಲ್ಲರೂ ಮೆಕ್ಯಾನಿಕ್‌ಗಳಾಗಿಬಿಟ್ಟಿರಿ.

ಹದಿನೆಂಟನೇ_ಹೋಲ್:
"ಎಲ್ಲ" ಅಲ್ಲ ಸರ್. ತೂಕದ ಸ್ಕ್ರೂ ಅದಕ್ಕೂ ಮೊದಲೇ ಇತ್ತು. ಟೇಲರ್‌ಮೇಡ್‌ನ ಆರ್7 ಕ್ವಾಡ್ 2004ರದ್ದು, ಅದರಲ್ಲಿ ನಾಲ್ಕು ಸ್ಕ್ರೂ. 2008ರಲ್ಲಿ ಒಪ್ಪಿದ್ದು ಲಾಫ್ಟ್, ಫೇಸ್ ಆಂಗಲ್ ಥರದವನ್ನು.

ಹಳೇ_ಪರ್ಸಿಮನ್:
ಸರಿ ಮಾರಾಯ, ನಾಲ್ಕು ಸ್ಕ್ರೂ ನಿನಗೇ ಇರಲಿ.

ಎತ್ತರದ_ಟೀ:
ಸ್ವಾಮಿ ಅವರೇ, ಇನ್ನೊಂದು ಪ್ರಶ್ನೆ. ಲಾಫ್ಟ್ ಏರಿಸಿದ ಮೇಲೆ ಕ್ಲಬ್ಬನ್ನು ಚೆಂಡಿನ ಹಿಂದೆ ಇಟ್ಟಾಗ ಫೇಸ್ ಎಡಕ್ಕೆ ನೋಡುತ್ತಿದೆ ಅನ್ನಿಸುತ್ತಾ? ಆಗ ಏನು ಮಾಡುತ್ತೀರಿ?

ಸ್ಲೈಸ್_ಸ್ವಾಮಿ:
ಹೌದು, ಎಡಕ್ಕೆ ನೋಡುತ್ತದೆ. ನೇರ ಮಾಡಿಕೊಂಡು ಹೊಡೆಯುತ್ತೇನೆ. ಎಡಕ್ಕೆ ನೋಡುತ್ತಿರುವ ಕ್ಲಬ್‌ನಿಂದ ಯಾರು ಹೊಡೆಯುತ್ತಾರೆ?

ಎತ್ತರದ_ಟೀ:
ಅದೇ ನೋಡಿ. ಈ ಸ್ಲೀವ್‌ಗಳು ಮಾಡುವುದು ಇಷ್ಟೇ: ಶಾಫ್ಟ್ ತಲೆಯೊಳಗೆ ಹೋಗುವ ಕೋನವನ್ನು ಸ್ವಲ್ಪ ಓರೆ ಮಾಡುತ್ತವೆ. ಏರಿಸಿದಾಗ ಕ್ಲಬ್ಬನ್ನು ಅದರಷ್ಟಕ್ಕೆ ನೆಲದ ಮೇಲೆ ಬಿಟ್ಟರೆ ಫೇಸ್ ಮುಚ್ಚಿರುತ್ತದೆ. ನೀವು ಕೈಯಿಂದ ನೇರ ಮಾಡಿದರೆ ಲಾಫ್ಟ್ ಮಾತ್ರ ಸಿಗುತ್ತದೆ, ಮುಚ್ಚಿದ ಫೇಸ್ ಸಿಗುವುದಿಲ್ಲ. ಲಾಫ್ಟ್ ಇಳಿಸುವವರಿಗೆ ಇದರ ಉಲ್ಟಾ. "ಚೆಂಡು ತುಂಬಾ ಮೇಲೆ ಹೋಗುತ್ತೆ" ಅಂತ ಸ್ಲೈಸ್ ಹೊಡೆಯುವವರೇ ಲಾಫ್ಟ್ ಇಳಿಸಿ ಫೇಸ್ ಇನ್ನಷ್ಟು ತೆರೆದುಕೊಳ್ಳುತ್ತಾರೆ.

ಬೋಗಿ_ಭಟ್:
ಆದರೆ ಮೇಡಂ, ಇದು ಸ್ಲೈಸ್ ಕಡಿಮೆಯಾಗದೆ ಇರುವುದಕ್ಕೆ ಕಾರಣ. ಜಾಸ್ತಿಯಾಗಿದ್ದಕ್ಕೆ ಅಲ್ಲ. ಜಾಸ್ತಿಯಾಗಿದ್ದಕ್ಕೆ ಕಾರಣ ಹೀಲ್.

ಎತ್ತರದ_ಟೀ:
ಮೊದಲ ಮಾತು ಒಪ್ಪುತ್ತೇನೆ. ಲಾಫ್ಟ್ ಏರಿದರೆ ಬ್ಯಾಕ್‌ಸ್ಪಿನ್ (ಹಿಮ್ಮುಖ ಸುತ್ತು) ಹೆಚ್ಚಿ ಚೆಂಡು ಪಕ್ಕಕ್ಕೆ ತಿರುಗುವುದು ಕಡಿಮೆಯೇ ಆಗಬೇಕು. ಬೇರೆ ಏನೋ ಬದಲಾಗಿದೆ. ಚುಕ್ಕೆ ಪರೀಕ್ಷೆ ಮಾಡಿದಿರಾ?

ಸ್ಲೈಸ್_ಸ್ವಾಮಿ:
ಮಾಡಿದೆ. ಗುರುತು ನಡುವಿನಿಂದ ಕೂದಲೆಳೆ ಟೋ (ಹೀಲ್‌ನ ಎದುರು ತುದಿ) ಕಡೆ ಬೀಳುತ್ತಿದೆ. ಭಟ್ರೇ ಕ್ಷಮಿಸಿ.

ಬೋಗಿ_ಭಟ್:
ಮಾರ್ಕರ್ ಒಣಗಿರಬೇಕು. ಹೊಸದರಲ್ಲಿ ಮಾಡಿ.

ಕಾಫಿ_ಕಣಿವೆ:
ಅಪ್‌ರೈಟ್ (ಶಾಫ್ಟ್ ಇನ್ನಷ್ಟು ನೆಟ್ಟಗೆ ನಿಲ್ಲುವ) ಗುರುತಿಗೆ ಇಡಿ ಸ್ವಾಮಿ. ನಾನು ಹಾಗೇ ಇಟ್ಟಿದ್ದೇನೆ. ನನ್ನ ಸೆಟಪ್: 10.5 ತಲೆ, 60 ಗ್ರಾಂ ಸ್ಟಿಫ್ ಶಾಫ್ಟ್, ಅರ್ಧ ಇಂಚು ಕತ್ತರಿಸಿ 45 ಇಂಚಿಗೆ ಇಳಿಸಿದ್ದು, ಹಿಂದೆ 2 ಗ್ರಾಂ ಜಾಸ್ತಿ. ಮಡಿಕೇರಿ ಕಡೆಯ ಇಳಿಜಾರಿನಲ್ಲಿ 270 ಗಜ ಆರಾಮಾಗಿ ಹೋಗುತ್ತದೆ.

ಹಳೇ_ಪರ್ಸಿಮನ್:
ಇಳಿಜಾರಿನಲ್ಲಿ ಹಲಸಿನ ಹಣ್ಣೂ 270 ಗಜ ಹೋಗುತ್ತದೆ.

ಎತ್ತರದ_ಟೀ:
ಅಪ್‌ರೈಟ್‌ನಿಂದ ಡ್ರೈವರ್‌ನಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಲೈ (ನೆಲಕ್ಕೆ ಶಾಫ್ಟ್ ನಿಲ್ಲುವ ಕೋನ) ಬದಲಿಸಿದರೆ ದಿಕ್ಕು ಎಷ್ಟು ಬದಲಾಗುತ್ತದೆ ಅನ್ನುವುದು ಲಾಫ್ಟ್ ಮೇಲೆ ನಿಂತಿದೆ. ವೆಜ್‌ನಲ್ಲಿ (ಲಾಫ್ಟ್ ತುಂಬಾ ಇರುವ ಗಿಡ್ಡ ಕ್ಲಬ್) ಅದು ದೊಡ್ಡ ಸಂಗತಿ. 9 ಡಿಗ್ರಿ ಡ್ರೈವರ್‌ನಲ್ಲಿ 2 ಡಿಗ್ರಿ ಲೈ ಬದಲಿಸಿದರೂ ಫೇಸ್ ದಿಕ್ಕು ಅರ್ಧ ಡಿಗ್ರಿಯೂ ಬದಲಾಗುವುದಿಲ್ಲ. ನಿಮಗೆ ಕೆಲಸ ಮಾಡಿದ್ದು ಶಾಫ್ಟ್ ಗಿಡ್ಡ ಮಾಡಿದ್ದಿರಬೇಕು.

ಕಾಫಿ_ಕಣಿವೆ:
270 ಗಜ ಮೇಡಂ.

ಶಾಫ್ಟ್_ಶೆಟ್ರು:
ತಡವಾಗಿ ಬಂದೆ. ಸ್ವಾಮಿ ಅವರೇ, ಡ್ರೈವರ್ ಹಿಡಿಯುವ ಮೊದಲು ನೆಲದ ಮೇಲೆ ಇಟ್ಟು ಮೇಲಿನಿಂದ ಒಂದು ಫೋಟೊ ಹಾಕಿ. ಗ್ರಿಪ್ ಕಾಣಿಸಬೇಕು.

ಸ್ಲೈಸ್_ಸ್ವಾಮಿ:
[ಫೋಟೊ]
ಗ್ರಿಪ್ ಯಾಕೆ? ಗ್ರಿಪ್ ಹೊಸದು ಸರ್. ಹೋದ ತಿಂಗಳು ಹಾಕಿಸಿದ್ದು, ಚೆನ್ನಾಗಿದೆ.

ಶಾಫ್ಟ್_ಶೆಟ್ರು:
ಇದನ್ನು ಮೊದಲೇ ಹೇಳಬಾರದಿತ್ತಾ! ಗ್ರಿಪ್ ಮೇಲಿನ ಲೋಗೊ ಓರೆ ಇದೆ, ನೋಡಿ. ಅಡಿಯಲ್ಲಿ ಉದ್ದಕ್ಕೆ ಒಂದು ಉಬ್ಬುಗೆರೆ ಇದೆಯಾ? ಬೆರಳಿಗೆ ತಾಗುವಂಥದ್ದು?

ಸ್ಲೈಸ್_ಸ್ವಾಮಿ:
ಇದೆ. ಅದು ಇದ್ದರೆ ಕೈ ಪ್ರತಿ ಸಲ ಒಂದೇ ಕಡೆ ಕೂರುತ್ತೆ ಅಂತ ಅಂಗಡಿಯವರು ಹೇಳಿದರು. ಅದಕ್ಕೇ ಹಾಕಿಸಿದೆ.

ಶಾಫ್ಟ್_ಶೆಟ್ರು:
ಒಂದೇ ಕಡೆ ಕೂರುತ್ತೆ, ನಿಜ. ಆದರೆ ಎಲ್ಲಿ? ಕ್ಯಾಲವೇ ಸ್ಲೀವ್‌ಗಳಲ್ಲಿ ಉಂಗುರ ಮಾತ್ರ ತಿರುಗುತ್ತದೆ, ಶಾಫ್ಟ್ ಹಾಗೇ ಇರುತ್ತದೆ. ಟೇಲರ್‌ಮೇಡ್, ಪಿಂಗ್‌ನಲ್ಲಿ ಸ್ಲೀವ್ ಜೊತೆ ಶಾಫ್ಟ್ ತಿರುಗುತ್ತದೆ, ಶಾಫ್ಟ್ ಜೊತೆ ಗ್ರಿಪ್ಪೂ ತಿರುಗುತ್ತದೆ. ಫೋಟೊ ನೋಡಿದರೆ ನಿಮ್ಮದು ಈ ಎರಡನೇ ಜಾತಿ, 12 ಗುರುತಿನದು. ಅಂದರೆ ಒಂದೊಂದು ಗುರುತಿಗೂ 30 ಡಿಗ್ರಿ, ಗಡಿಯಾರದಲ್ಲಿ ಒಂದು ಗಂಟೆಯಷ್ಟು. ಸ್ಟ್ಯಾಂಡರ್ಡ್‌ನಲ್ಲಿದ್ದಾಗ ಉಬ್ಬುಗೆರೆ 6ಕ್ಕೆ ಇತ್ತು. ನೀವು ಎರಡು ಗುರುತು ಏರಿಸಿದಿರಿ. ಈಗ ಅದು 4ಕ್ಕೆ ಬಂದು ಕೂತಿದೆ. ನಿಮ್ಮ ಬೆರಳು ಗೆರೆ ಹುಡುಕಿಕೊಂಡು ಹೋಗುತ್ತದೆ, ಎರಡೂ ಕೈ ಎಡಕ್ಕೆ ತಿರುಗುತ್ತವೆ. ವೀಕ್ ಗ್ರಿಪ್. ಹೊಡೆಯುವಾಗ ಫೇಸ್ ತೆರೆದೇ ಬರುತ್ತದೆ. ಏರಿಸಿದಷ್ಟೂ ಸ್ಲೈಸ್ ಜಾಸ್ತಿಯಾಗಿದ್ದು ಹೀಗೆ.

ಎತ್ತರದ_ಟೀ:
ವಾಹ್ ಶೆಟ್ರೇ. ನನ್ನದು ಗೆರೆ ಇಲ್ಲದ ಗ್ರಿಪ್, ಹೊಳೆಯಲೇ ಇಲ್ಲ.

ಬೋಗಿ_ಭಟ್:
ವೀಕ್ ಗ್ರಿಪ್ ಇದ್ದರೆ ಹೀಲ್‌ನಲ್ಲೇ ತಗುಲುತ್ತದೆ. ನಾನು ಹೇಳಿದ್ದೂ ಅದೇ.

ಶಾಫ್ಟ್_ಶೆಟ್ರು:
ಮಾಡಬೇಕಾದ್ದು: ಈಗ ಸ್ಟ್ಯಾಂಡರ್ಡ್‌ಗೆ ವಾಪಸ್ ತನ್ನಿ. ವ್ರೆಂಚ್ "ಟಕ್" ಅನ್ನುವವರೆಗೆ ಬಿಗಿ ಮಾಡಿ, ಅದು 40 ಇಂಚ್-ಪೌಂಡ್‌ಗೆ ಸದ್ದು ಮಾಡುತ್ತದೆ. ಸಾದಾ ಅಲೆನ್ ಕೀ ಹಾಕಿ ಜೋರು ಮಾಡಬೇಡಿ, ಸ್ಕ್ರೂ ಹಾಳಾಗುತ್ತದೆ. ಆಮೇಲೆ ಗೆರೆ ಇಲ್ಲದ ದುಂಡನೆಯ ಗ್ರಿಪ್ ಹಾಕಿಸಿ. ಅದಾದ ಮೇಲೆಯೇ ಲಾಫ್ಟ್ ಏರಿಸುವ ಮಾತು. ಏರಿಸಿದರೆ ಫೇಸ್ ನೇರ ಮಾಡಲು ಹೋಗಬೇಡಿ, ಕ್ಲಬ್ ಹೇಗೆ ಕೂರುತ್ತದೋ ಹಾಗೇ ಬಿಡಿ.

ಕಾಫಿ_ಕಣಿವೆ:
ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿ ತೆಳು. ಇದಕ್ಕೆ ಏನಾದರೂ ಸಂಬಂಧ ಇದೆಯಾ?

ಎತ್ತರದ_ಟೀ:
ಇದೆ, ಆದರೆ ಉಲ್ಟಾ. ತೆಳು ಗಾಳಿಯಲ್ಲಿ ಚೆಂಡು ತಿರುಗುವುದು ಕಡಿಮೆ. ಮಂಗಳೂರಿನಲ್ಲಿ ಇದೇ ಹೊಡೆತ ಇನ್ನೂ ಬಲಕ್ಕೆ ಹೋಗುತ್ತಿತ್ತು.

ಸ್ಲೈಸ್_ಸ್ವಾಮಿ:
ಸ್ಟ್ಯಾಂಡರ್ಡ್‌ಗೆ ತಂದು ರೇಂಜ್‌ನಲ್ಲಿ ಹೊಡೆದೆ. ಪಕ್ಕದ ಫೇರ್‌ವೇಗೆ ಹೋಗುವುದು ನಿಂತಿದೆ. ಹಳೆಯ ಸ್ಲೈಸ್ ಹಾಗೇ ಇದೆ. ಅಂದರೆ ಇಷ್ಟೆಲ್ಲ ಮಾಡಿ ಮೊದಲಿದ್ದಲ್ಲಿಗೇ ಬಂದೆ! ಈಗ ದುಂಡನೆಯ ಗ್ರಿಪ್‌ಗೆ ಮತ್ತೆ ದುಡ್ಡು ಹಾಕಬೇಕಾ?

ಹಳೇ_ಪರ್ಸಿಮನ್:
ದುಡ್ಡು ಕೋಚ್‌ಗೆ ಹಾಕಿ. ನಮ್ಮ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದಿದ್ದು ದೂರ ಹೊಡೆದು ಅಲ್ಲ, ಪಟ್ (ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ) ಹಾಕಿ.

ಸ್ಲೈಸ್_ಸ್ವಾಮಿ:
ಪಟ್ ಬಗ್ಗೆ ಬೇರೆ ಚರ್ಚೆ ಹಾಕುತ್ತೇನೆ ಸರ್, ಅದೂ ಕೆಟ್ಟಿದೆ.

ಶಾಫ್ಟ್_ಶೆಟ್ರು:
ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬರುತ್ತಾ, ಬಲಕ್ಕೇ ಹೊರಡುತ್ತಾ? ಮೇಡಂ ಮೊದಲ ದಿನವೇ ಕೇಳಿದ್ದು. ಇನ್ನೂ ಉತ್ತರ ಬಂದಿಲ್ಲ.

ಹದಿನೆಂಟನೇ_ಹೋಲ್:
ರೇಂಜ್‌ನಲ್ಲಿ ಬದಲಿಸಿದ್ದು ರೌಂಡ್‌ಗೆ ಮೊದಲೇ ತಾನೆ? ಹಾಗಾದರೆ ನಿಯಮದ ಪ್ರಕಾರ ಸರಿ ಇದೆ.

ಕಾಫಿ_ಕಣಿವೆ:
ಸ್ವಾಮಿ, ಆ ಗೆರೆ ಇರುವ ಗ್ರಿಪ್ ತೆಗೆಸಿದರೆ ನನಗೆ ಕೊಡಿ. ಕತ್ತರಿಸದೆ ಗಾಳಿ ಹೊಡೆದು ಬಿಚ್ಚಿಸಿ. ನನ್ನ 3-ವುಡ್‌ಗೆ ಹಾಕಿಕೊಳ್ಳುತ್ತೇನೆ, ಅದರ ಸ್ಲೀವ್ ತಿರುಗುವುದಿಲ್ಲ.